ಹಳೆಯ ಕಾರಿಗೆ ಬಾಲರೆಕ್ಕೆ ಏಕಿತ್ತು

ಟೇಲ್ ಫಿನ್ ಅಥವಾ ಬಾಲರೆಕ್ಕೆ ಎಂದರೆ ಕಾರಿನ ಹಿಂಬದಿಯ ಮಡ್‌ಗಾರ್ಡಿನ ಮೇಲಂಚು ಎತ್ತರಕ್ಕೆದ್ದು, ಹಿಂದಕ್ಕೆ ಚಾಚಿ, ಬಹುಮಟ್ಟಿಗೆ ತುದಿಯಲ್ಲೊಂದು ಕೆಂಪು ದೀಪವನ್ನು ಹೊತ್ತು ನಿಲ್ಲುವ ತಗಡಿನ ಏಣು. 1948ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನ ಮೇಲೆ ಸಣ್ಣ ಉಬ್ಬಾಗಿ ಮೂಡಿದ ಇದು ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ದೇಶದ ಬಹುಪಾಲು ಕಾರುಗಳಿಗೆ ಹಬ್ಬಿತು. 1959ರಲ್ಲಿ ತನ್ನ ಪರಮಾವಧಿ ಎತ್ತರವನ್ನು ಮುಟ್ಟಿತು. 1965ರ ಹೊತ್ತಿಗೆ ಹೆಚ್ಚುಕಡಿಮೆ ಮಾಯವೇ ಆಯಿತು. ಅದರಿಂದ ಏನು ಪ್ರಯೋಜನವಿತ್ತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ವೇಗದಲ್ಲಿ ಓಡುವ ಕಾರನ್ನು ಗಾಳಿಯಲ್ಲಿ ನೆಟ್ಟಗೆ ಇಡಲು ಎಂಬುದು ಒಂದು. ಬರೀ ಅಲಂಕಾರ ಎಂಬುದು ಇನ್ನೊಂದು. ಎರಡರಲ್ಲೂ ನಿಜವಿದೆ, ಆದರೆ ಬೇರೆಬೇರೆ ಕಾರುಗಳ ವಿಷಯದಲ್ಲಿ. ಕೆಲವೇ ಕಾರುಗಳಲ್ಲಿ ಬಾಲರೆಕ್ಕೆ ನಿಜವಾದ ಸಾಧನವಾಗಿತ್ತು. ಉಳಿದ ಲಕ್ಷಾಂತರ ಕಾರುಗಳಲ್ಲಿ ಅದು ಕಾರನ್ನು ಮಾರುವ ಗುರುತಾಗಿತ್ತು.

ಮೊದಲು ಗಾಳಿಯ ಲೆಕ್ಕ. ಓಡುವ ಕಾರಿಗೆ ಪಕ್ಕದಿಂದ ಗಾಳಿ ಬಡಿದಾಗ ಆ ಒತ್ತಡವೆಲ್ಲ ಮೈಯ ಒಂದು ಬಿಂದುವಿನಲ್ಲಿ ಬಿದ್ದಂತೆ ಲೆಕ್ಕ ಹಾಕಬಹುದು. ಅದನ್ನು ಒತ್ತಡಕೇಂದ್ರ ಎನ್ನುತ್ತಾರೆ. ಕಾರಿನ ಭಾರವೆಲ್ಲ ಸೇರುವ ಗುರುತ್ವಕೇಂದ್ರ ಇನ್ನೊಂದು ಬಿಂದು. ಒತ್ತಡಕೇಂದ್ರವು ಗುರುತ್ವಕೇಂದ್ರಕ್ಕಿಂತ ಮುಂದಿದ್ದರೆ ಪಕ್ಕದ ಗಾಳಿ ಕಾರಿನ ಮೂತಿಯನ್ನು ತಳ್ಳಿ ತಿರುಗಿಸುತ್ತದೆ, ಒಮ್ಮೆ ತಿರುಗಿದ ಮೇಲೆ ಇನ್ನಷ್ಟು ತಿರುಗಿಸಲು ನೋಡುತ್ತದೆ. ಹಿಂದಿದ್ದರೆ ತಿರುಗಿದ ಮೈಯನ್ನು ಗಾಳಿಯೇ ಮತ್ತೆ ನೇರಕ್ಕೆ ತರುತ್ತದೆ. ಬಾಣದ ಹಿಂತುದಿಗೆ ಗರಿ ಕಟ್ಟುವುದು ಇದೇ ಕಾರಣಕ್ಕೆ. ಹಿಂಬದಿಯಲ್ಲಿ ಲಂಬವಾದ ಹಲಗೆಯೊಂದನ್ನು ನಿಲ್ಲಿಸಿದರೆ ಒತ್ತಡಕೇಂದ್ರ ಹಿಂದಕ್ಕೆ ಸರಿಯುತ್ತದೆ. ಬಾಲರೆಕ್ಕೆಯ ತತ್ತ್ವ ಇಷ್ಟೇ, ಮತ್ತು ಈ ತತ್ತ್ವದಲ್ಲಿ ಯಾವ ದೋಷವೂ ಇಲ್ಲ.

ವಿಚಿತ್ರವೆಂದರೆ ಈ ತೊಂದರೆ ಹೆಚ್ಚು ಕಾಡುವುದು ಗಾಳಿಯನ್ನು ಸಲೀಸಾಗಿ ಸೀಳಲೆಂದೇ ರೂಪಿಸಿದ ಕಾರುಗಳನ್ನು. ಮುಂದೆ ದುಂಡಗಿದ್ದು ಹಿಂದಕ್ಕೆ ಇಳಿಯುತ್ತ ಸಣ್ಣಗಾಗುವ ಮೈಯಲ್ಲಿ ಪಕ್ಕದ ಗಾಳಿಗೆ ಒಡ್ಡಿಕೊಳ್ಳುವ ಭಾಗ ಮುಂದೆ ಹೆಚ್ಚು, ಹಿಂದೆ ಕಡಿಮೆ. ಹಾಗಾಗಿ ಒತ್ತಡಕೇಂದ್ರ ಮುಂದಕ್ಕೆ ಹೋಗುತ್ತದೆ. ಜೆಕೊಸ್ಲೊವಾಕಿಯಾದ ಟಾಟ್ರಾ ಕಂಪನಿ 1934ರಲ್ಲಿ ಹೊರತಂದ ಟಿ77 ಅಂಥ ಕಾರು. ಹಾನ್ಸ್ ಲೆಡ್ವಿಂಕಾ ಅವರ ಮುಂದಾಳತ್ವದಲ್ಲಿ, ಪಾಲ್ ಯಾರಾಯ್ ರೂಪಿಸಿದ ವಾಯುರೂಪದ ತತ್ತ್ವಗಳನ್ನು ಆಧರಿಸಿ ಅದನ್ನು ಕಟ್ಟಿದ್ದರು. ಎಂಜಿನ್ ಹಿಂದಿತ್ತು, ಭಾರವೂ ಹಿಂದಕ್ಕೆ ಸರಿದಿತ್ತು. ಭಾರ ಹಿಂದೆ, ಒತ್ತಡ ಮುಂದೆ ಎಂದಾಗ ಪಕ್ಕದ ಗಾಳಿಯ ಕಾಟ ಇಮ್ಮಡಿಯಾಗುತ್ತದೆ. ಅದಕ್ಕೇ ಟಾಟ್ರಾದ ಇಳಿಜಾರು ಬೆನ್ನಿನ ನಟ್ಟನಡುವೆ ಚಾವಣಿಯಿಂದ ಹಿಂತುದಿಯವರೆಗೆ ಒಂದೇ ಒಂದು ರೆಕ್ಕೆ ಎದ್ದು ನಿಂತಿತ್ತು. 1936ರ ಟಿ87 ಕಾರಿನಲ್ಲೂ ಅದು ಮುಂದುವರಿಯಿತು. ಕೇವಲ 75 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಗಂಟೆಗೆ 160 ಕಿ.ಮೀ. ಮುಟ್ಟುತ್ತಿದ್ದ ಆ ಕಾರು ವಾಯುರೂಪದ ವಿದ್ಯೆ ಎಷ್ಟು ಮುಂದುವರಿದಿತ್ತು ಎಂಬುದಕ್ಕೆ ಇಂದಿಗೂ ಒಳ್ಳೆಯ ಸಾಕ್ಷಿ.

ವೇಗದ ದಾಖಲೆಗಾಗಿ ಕಟ್ಟಿದ ಕಾರುಗಳಲ್ಲಿ ರೆಕ್ಕೆ ಅದಕ್ಕೂ ಮೊದಲೇ ಬಂದಿತ್ತು. 1929ರ ಮಾರ್ಚ್‌ನಲ್ಲಿ ಫ್ಲಾರಿಡಾದ ಡೇಟೋನಾ ಕಡಲತೀರದ ಮರಳಿನ ಮೇಲೆ ಬ್ರಿಟನ್ನಿನ ಹೆನ್ರಿ ಸೀಗ್ರೇವ್ ಗಂಟೆಗೆ 372 ಕಿ.ಮೀ. ವೇಗದಲ್ಲಿ ಓಡಿಸಿದ ಗೋಲ್ಡನ್ ಆ್ಯರೋ ಕಾರಿಗೆ ವಿಮಾನದಂಥದೇ ಬಾಲವಿತ್ತು. ಡೊನಾಲ್ಡ್ ಕ್ಯಾಂಪ್‌ಬೆಲ್ ಅವರ ಬ್ಲೂಬರ್ಡ್ ಕಾರಿನ ಕಥೆ ಇನ್ನೂ ಸ್ಪಷ್ಟ ಪಾಠ. 1960ರಲ್ಲಿ ಬಾನ್‌ವಿಲ್ ಉಪ್ಪುಬಯಲಿನಲ್ಲಿ ಅದು ಹತೋಟಿ ತಪ್ಪಿ ಅಪಘಾತಕ್ಕೀಡಾದಾಗ ಅದಕ್ಕೆ ರೆಕ್ಕೆ ಇರಲಿಲ್ಲ. ಮತ್ತೆ ಕಟ್ಟುವಾಗ ಎತ್ತರದ ರೆಕ್ಕೆಯನ್ನು ಕೂರಿಸಿದರು. 1964ರ ಜುಲೈನಲ್ಲಿ ಆಸ್ಟ್ರೇಲಿಯಾದ ಐರ್ ಸರೋವರದ ಒಣನೆಲದ ಮೇಲೆ ಅದೇ ಕಾರು ಗಂಟೆಗೆ 648 ಕಿ.ಮೀ. ದಾಟಿತು.

ಓಟದ ಕಾರುಗಳಲ್ಲಿ ಹೆಸರುವಾಸಿಯಾದದ್ದು ಜಾಗ್ವಾರ್ ಡಿ-ಟೈಪ್. ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ಕೆಲಸ ಮಾಡಿ ಬಂದಿದ್ದ ಮಾಲ್ಕಮ್ ಸೇಯರ್ ಅದರ ಮೈಯನ್ನು ರೂಪಿಸಿದರು. ಫ್ರಾನ್ಸಿನ ಲ ಮಾನ್ಸ್ ಓಟದ ಹಾದಿಯಲ್ಲಿ ಆಗ ಸುಮಾರು 6 ಕಿ.ಮೀ. ಉದ್ದದ ನೇರ ರಸ್ತೆಯಿತ್ತು. ಅಲ್ಲಿ ಡಿ-ಟೈಪ್ ಗಂಟೆಗೆ 270 ಕಿ.ಮೀ. ಮೀರಿ ಓಡಬೇಕಿತ್ತು. ಚಾಲಕನ ತಲೆಯ ಹಿಂದಿನಿಂದ ಹೊರಟ ಒಂದೇ ರೆಕ್ಕೆ ಆ ವೇಗದಲ್ಲಿ ಕಾರನ್ನು ನೆಟ್ಟಗಿಟ್ಟಿತು. 1955, 1956, 1957 ಹೀಗೆ ಸತತ ಮೂರು ವರ್ಷ ಲ ಮಾನ್ಸ್ ಗೆದ್ದದ್ದು ಆ ಕಾರೇ. ಅದೇ ಓಟದ ಇಂದಿನ ಮುಂಚೂಣಿ ಕಾರುಗಳಿಗೂ 2011ರಿಂದ ಬೆನ್ನ ಮೇಲೆ ದೊಡ್ಡ ರೆಕ್ಕೆಯನ್ನು ಕಡ್ಡಾಯ ಮಾಡಲಾಗಿದೆ. ಜಾರಿ ಅಡ್ಡ ತಿರುಗಿದ ಕಾರು ಗಾಳಿಗೆ ಮೇಲೇಳದಿರಲಿ ಎಂಬುದು ಅದರ ಉದ್ದೇಶ.

ಈ ಎಲ್ಲ ಕಾರುಗಳಲ್ಲಿ ಎದ್ದು ಕಾಣುವ ಸಾಮ್ಯವೊಂದಿದೆ. ರೆಕ್ಕೆ ಸಾಮಾನ್ಯವಾಗಿ ಒಂದೇ. ನಡುವೆ ಅಥವಾ ಚಾಲಕನ ಬೆನ್ನ ಹಿಂದೆ ಇರುತ್ತದೆ. ಗಾಳಿ ಅದನ್ನು ನೇರವಾಗಿ ತಾಕುವಷ್ಟು ಎತ್ತರವಾಗಿರುತ್ತದೆ. ಕಾರು ಭಾರೀ ವೇಗದ್ದು. ವೇಗದ ಮಾತು ಇಲ್ಲಿ ಮುಖ್ಯ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದು ರೆಕ್ಕೆ ಎಷ್ಟು ಬಲ ಕೊಡುತ್ತದೋ, ಕಾರು ಅಷ್ಟೇ ಕೋನ ತಿರುಗಿದಾಗ 240 ಕಿ.ಮೀ. ವೇಗದಲ್ಲಿ ಅದರ ಒಂಬತ್ತು ಪಟ್ಟು ಕೊಡುತ್ತದೆ. ಊರೊಳಗೆ, ಹೆದ್ದಾರಿಯಲ್ಲಿ ಓಡುವ ಸಂಸಾರಸ್ಥರ ಕಾರಿಗೆ ಆ ವೇಗ ಎಂದೂ ಬರುವುದಿಲ್ಲ.

ಅಮೆರಿಕದ ರಸ್ತೆಗೆ ಬಾಲರೆಕ್ಕೆ ಬಂದ ದಾರಿಯೇ ಬೇರೆ. ಅದು ಗಾಳಿಸುರಂಗದಿಂದ ಬರಲಿಲ್ಲ, ಒಬ್ಬ ವಿನ್ಯಾಸಕಾರನ ಕಣ್ಣಿನಿಂದ ಬಂತು. ಜನರಲ್ ಮೋಟಾರ್ಸ್ ಕಂಪನಿಯಲ್ಲಿ 1927ರಿಂದ ವಿನ್ಯಾಸ ವಿಭಾಗವನ್ನು ಕಟ್ಟಿ ಬೆಳೆಸಿದ ಹಾರ್ಲೆ ಅರ್ಲ್, ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯುವ ಮೊದಲು ತಮ್ಮ ಕೆಲವು ಕಲಾವಿದರನ್ನು ಕರೆದುಕೊಂಡು ಡೆಟ್ರಾಯಿಟ್ ಸಮೀಪದ ಸೆಲ್‌ಫ್ರಿಜ್ ವಾಯುನೆಲೆಗೆ ಹೋದರು. ಅಲ್ಲಿ ಅವರಿಗೆ ತೋರಿಸಿದ್ದು ಲಾಕ್‌ಹೀಡ್ ಪಿ-38 ಯುದ್ಧವಿಮಾನ. ಎರಡು ಎಂಜಿನ್, ಒಂದೊಂದರ ಹಿಂದೆಯೂ ಉದ್ದನೆಯ ಮೈ, ಆ ಎರಡರ ತುದಿಯಲ್ಲೂ ಒಂದೊಂದು ಲಂಬ ರೆಕ್ಕೆ. ವಿಮಾನ ಇನ್ನೂ ಗುಟ್ಟಿನದಾದ್ದರಿಂದ ದೂರದಲ್ಲೇ ನಿಂತು ನೋಡಲು ಮಾತ್ರ ಅನುಮತಿಯಿತ್ತು. ಅಷ್ಟೇ ಸಾಕಾಯಿತು. ಯುದ್ಧ ಮುಗಿದು, ಹಳೆಯ ಅಚ್ಚುಗಳಲ್ಲೇ ಎರಡು ವರ್ಷ ಕಾರು ತಯಾರಿಸಿದ ಮೇಲೆ, 1948ರ ಹೊಸ ಕ್ಯಾಡಿಲಾಕ್‌ನ ಎರಡೂ ಹಿಂಬದಿ ಮಡ್‌ಗಾರ್ಡುಗಳ ತುದಿಯಲ್ಲಿ ಆ ರೆಕ್ಕೆಯ ನೆನಪು ಪುಟ್ಟದಾಗಿ ಮೂಡಿತು. ಆ ಕೆಲಸದಲ್ಲಿ ದೊಡ್ಡ ಪಾಲು ಫ್ರಾಂಕ್ ಹರ್ಶಿ ಅವರದು.

ಕಂಪನಿಯ ಒಳಗೆ ಎಲ್ಲರೂ ಇದನ್ನು ಒಪ್ಪಿರಲಿಲ್ಲ. ರೆಕ್ಕೆಯನ್ನು ತೆಗೆದುಬಿಡಬೇಕೆಂಬ ಒತ್ತಾಯವೂ ಇತ್ತು. ಆದರೆ ಕೊಳ್ಳುವವರು ಅದನ್ನು ಮೆಚ್ಚಿಕೊಂಡರು. ಮುಂದೆ 1954ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಅರ್ಲ್ ಇದರ ಕಾರಣವನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ: ತಾವು ಕೊಟ್ಟ ಹಣಕ್ಕೆ ಪ್ರತಿಷ್ಠೆಯ ಒಂದು ಕಣ್ಣಿಗೆ ಕಾಣುವ ರಸೀದಿ ಆ ರೆಕ್ಕೆಯಲ್ಲಿದೆ ಎಂದು ಕ್ಯಾಡಿಲಾಕ್ ಮಾಲೀಕರಿಗೆ ಅನ್ನಿಸಿತು. ಬಾಲರೆಕ್ಕೆಯ ಉದ್ದೇಶವನ್ನು ಅದರ ಜನಕನಿಗಿಂತ ಚೆನ್ನಾಗಿ ಯಾರೂ ವಿವರಿಸಿಲ್ಲ. ಮುಂದಿನಿಂದ ನೋಡಿದರೆ ಮಾತ್ರ ಗುರುತು ಸಿಗುತ್ತಿದ್ದ ದುಬಾರಿ ಕಾರು ಈಗ ಹಿಂದಿನಿಂದಲೂ ಗುರುತು ಸಿಗತೊಡಗಿತು. ರಸ್ತೆಯಲ್ಲಿ ಕಾರುಗಳನ್ನು ಜನ ಹೆಚ್ಚಾಗಿ ನೋಡುವುದೇ ಹಿಂದಿನಿಂದ.

ಕಾರ್ಖಾನೆಯ ದೃಷ್ಟಿಯಿಂದಲೂ ಅದು ಅಚ್ಚುಕಟ್ಟಾದ ಉಪಾಯ. ಜನರಲ್ ಮೋಟಾರ್ಸ್‌ನ ಮುಖ್ಯಸ್ಥ ಆಲ್‌ಫ್ರೆಡ್ ಸ್ಲೋನ್ 1920ರ ದಶಕದಿಂದಲೇ ಪ್ರತಿವರ್ಷ ಮಾದರಿ ಬದಲಿಸುವ ಪದ್ಧತಿಯನ್ನು ಬೇರೂರಿಸಿದ್ದರು. ಹೋದ ವರ್ಷ ಕೊಂಡ ಕಾರು ಈ ವರ್ಷ ಹಳೆಯದೆನ್ನಿಸಬೇಕು, ಮಾಲೀಕ ಮತ್ತೆ ಅಂಗಡಿಗೆ ಬರಬೇಕು. ಆದರೆ ಬಾಗಿಲು, ಚಾವಣಿ, ಗಾಜು ಇರುವ ನಡುಭಾಗವನ್ನು ಬದಲಿಸುವುದು ತುಂಬ ದುಬಾರಿ. ಒಂದೇ ನಡುಭಾಗವನ್ನು ಕಂಪನಿಯ ಹಲವು ಬ್ರಾಂಡುಗಳು ಹಂಚಿಕೊಳ್ಳುತ್ತಿದ್ದವು. ಹಿಂಬದಿಯ ಮಡ್‌ಗಾರ್ಡಿನ ಅಚ್ಚನ್ನಷ್ಟೇ ಬದಲಿಸಿದರೆ ಕಡಿಮೆ ಖರ್ಚಿನಲ್ಲಿ ಇಡೀ ಕಾರು ಹೊಸದಾಗಿ ಕಾಣುತ್ತದೆ, ಒಂದು ಬ್ರಾಂಡು ಇನ್ನೊಂದರಿಂದ ಬೇರೆಯಾಗಿಯೂ ಕಾಣುತ್ತದೆ. ವರ್ಷವರ್ಷ ರೆಕ್ಕೆ ಇಷ್ಟಿಷ್ಟೇ ಎತ್ತರವಾದದ್ದರ ಹಿಂದೆ ಈ ಲೆಕ್ಕಾಚಾರವಿತ್ತು. ಜೆಟ್ ವಿಮಾನ ಮತ್ತು ರಾಕೆಟ್‌ಗಳ ಕಾಲದ ಉತ್ಸಾಹ ಅದಕ್ಕೆ ಜೊತೆಯಾಯಿತು. ಅರ್ಲ್ ಅವರ ವಿಭಾಗ 1951ರಲ್ಲಿ ತೋರಿಸಿದ ಲ ಸೇಬರ್, ಆಮೇಲಿನ ಫೈರ್‌ಬರ್ಡ್ ಮುಂತಾದ ಪ್ರದರ್ಶನದ ಕಾರುಗಳು ನೆಲದ ಮೇಲೆ ಓಡುವ ವಿಮಾನಗಳಂತೆಯೇ ಇದ್ದವು. ಜೆಟ್ ಎಂಜಿನ್ನಿನ ಬಾಯಿಯಂಥ ದೀಪಗಳು ಅಲ್ಲಿಂದಲೇ ಸಾಮಾನ್ಯ ಕಾರುಗಳಿಗೆ ಇಳಿದು ಬಂದವು.

ಬಾಲರೆಕ್ಕೆಗೆ ವಿಜ್ಞಾನದ ಸಮರ್ಥನೆ ಕೊಡಲು ಹೊರಟವರು ಕ್ರೈಸ್ಲರ್ ಕಂಪನಿಯ ವಿನ್ಯಾಸ ಮುಖ್ಯಸ್ಥ ವರ್ಜಿಲ್ ಎಕ್ಸ್‌ನರ್. ಅವರು ಹಿಂದೆ ಅರ್ಲ್ ಕೈಕೆಳಗೆ ದುಡಿದವರೇ. 1957ರಲ್ಲಿ ಅವರು ತಂದ ಕ್ರೈಸ್ಲರ್, ಡಾಡ್ಜ್, ಡಿಸೋಟೊ, ಪ್ಲಿಮತ್ ಕಾರುಗಳು ತಗ್ಗಾಗಿ, ಉದ್ದವಾಗಿ, ಮುಂದಿನಿಂದ ಹಿಂದಕ್ಕೆ ಒಂದೇ ಗೆರೆಯಲ್ಲಿ ಏರಿ ರೆಕ್ಕೆಯಲ್ಲಿ ಕೊನೆಯಾಗುತ್ತಿದ್ದವು. 1960 ಈಗಲೇ ಬಂದುಬಿಟ್ಟಿದೆ ಎಂದು ಪ್ಲಿಮತ್ ಜಾಹೀರಾತು ಸಾರಿತು. ಈ ರೆಕ್ಕೆಗಳು ಬರೀ ಚೆಂದಕ್ಕಲ್ಲ, ಕಾರನ್ನು ಸ್ಥಿರವಾಗಿಡುವ ಸಾಧನಗಳು ಎಂದು ಕಂಪನಿ ಹೇಳಿಕೊಂಡಿತು. ಗಾಳಿಸುರಂಗದ ಪರೀಕ್ಷೆಗಳನ್ನು ಆಧರಿಸಿ, ಪಕ್ಕದಿಂದ ಜೋರು ಗಾಳಿ ಬೀಸುವಾಗ ಚಾಲಕ ಸ್ಟೀರಿಂಗ್ ತಿದ್ದಬೇಕಾದ ಪ್ರಮಾಣ ಶೇ. 20ರವರೆಗೆ ತಗ್ಗುತ್ತದೆ ಎಂಬ ಅಂಕಿಯನ್ನೂ ಕೊಟ್ಟಿತು.

ಈ ಮಾತನ್ನು ಸುಳ್ಳೆಂದು ತಳ್ಳಿಹಾಕಬೇಕಿಲ್ಲ. ಕಾರಿನ ಹಿಂಬದಿಯ ಅಂಚಿನಲ್ಲಿ ಉದ್ದನೆಯ ಲಂಬ ತಗಡು ನಿಂತಾಗ ಒತ್ತಡಕೇಂದ್ರ ಒಂದಿಷ್ಟು ಹಿಂದಕ್ಕೆ ಸರಿಯಲೇಬೇಕು. ಗಾಳಿಸುರಂಗದಲ್ಲಿ ಅದು ಅಳತೆಗೂ ಸಿಗುತ್ತದೆ. ಆದರೆ ರಸ್ತೆಯ ಮೇಲಿನ ಕಾರು ಆಕಾಶದಲ್ಲಿ ತೇಲುವ ವಿಮಾನವಲ್ಲ. ಎರಡು ಟನ್ ಭಾರವನ್ನು ನಾಲ್ಕು ಟೈರುಗಳು ನೆಲಕ್ಕೆ ಕಚ್ಚಿ ಹಿಡಿದಿರುತ್ತವೆ. ಸಾಮಾನ್ಯ ವೇಗದಲ್ಲಿ ಕಾರು ಎತ್ತ ಹೋಗಬೇಕೆಂಬುದನ್ನು ತೀರ್ಮಾನಿಸುವುದು ಟೈರು, ಸಸ್ಪೆನ್ಷನ್, ಚಕ್ರಗಳ ನಡುವಿನ ಅಂತರ ಮತ್ತು ಭಾರದ ಹಂಚಿಕೆ. ಅವುಗಳ ಮುಂದೆ ಆ ರೆಕ್ಕೆಯ ಬಲ ತೀರ ಸಣ್ಣದು. ಅಷ್ಟೇ ಅಲ್ಲ, 1957ರ ಕ್ರೈಸ್ಲರ್ ಕಾರುಗಳಿಗೆ ಮುಂಭಾಗದಲ್ಲಿ ಟಾರ್ಷನ್ ಬಾರ್ ಸಸ್ಪೆನ್ಷನ್ ಕೂಡ ಹೊಸದಾಗಿ ಬಂದಿತ್ತು. ತಿರುವುಗಳಲ್ಲಿ ಆ ಕಾರುಗಳು ಉಳಿದವಕ್ಕಿಂತ ಚೆನ್ನಾಗಿ ನಡೆದುಕೊಳ್ಳುತ್ತಿದ್ದವು ಎಂಬ ಹೊಗಳಿಕೆ ನ್ಯಾಯವಾಗಿ ಸಲ್ಲಬೇಕಾದದ್ದು ಕಣ್ಣಿಗೆ ಕಾಣದ ಆ ಉಕ್ಕಿನ ಸರಳುಗಳಿಗೆ. ಕಣ್ಣಿಗೆ ಬೀಳುತ್ತಿದ್ದುದು ಮಾತ್ರ ರೆಕ್ಕೆ. ಎಂಜಿನಿಯರುಗಳ ದುಡಿಮೆಯ ಕೀರ್ತಿ ತಗಡಿಗೆ ಹೋದದ್ದು ಈ ಇತಿಹಾಸದಲ್ಲಿ ಬೇಸರ ತರಿಸುವ ಸಂಗತಿ.

ಸಣ್ಣಪುಟ್ಟ ನಿಜವಾದ ಉಪಯೋಗಗಳೂ ಇದ್ದವು. ಹಿಂಬದಿಯ ದೀಪವನ್ನು ಎತ್ತರದಲ್ಲಿ, ಮೂಲೆಯಲ್ಲೇ ಇಡಲು ರೆಕ್ಕೆ ಒಳ್ಳೆಯ ಜಾಗ. 1948ರ ಕ್ಯಾಡಿಲಾಕ್‌ನಲ್ಲಿ ಎಡಬದಿಯ ದೀಪವನ್ನು ಮೇಲಕ್ಕೆತ್ತಿದರೆ ಅದರ ಕೆಳಗೆ ಪೆಟ್ರೋಲ್ ಹಾಕುವ ಬಾಯಿ ಸಿಗುತ್ತಿತ್ತು. 1957ರ ಷೆವರ್ಲೆ ಬೆಲ್ ಏರ್‌ನಲ್ಲೂ ಎಡ ರೆಕ್ಕೆಯ ಕ್ರೋಮ್ ಪಟ್ಟಿಯ ಹಿಂದೆ ಅದನ್ನು ಅಡಗಿಸಿದ್ದರು. ಉದ್ದನೆಯ ಕಾರನ್ನು ಹಿಂದಕ್ಕೆ ತೆಗೆಯುವಾಗ ಹಿಂಬದಿಯ ಎರಡು ಮೂಲೆ ಎಲ್ಲಿವೆ ಎಂದು ಚಾಲಕನಿಗೆ ಕಾಣುತ್ತಿದ್ದುದೂ ಒಂದು ಅನುಕೂಲ. ಜರ್ಮನಿಯ ಮರ್ಸಿಡಿಸ್ ಬೆಂಜ್ 1959ರಲ್ಲಿ ತನ್ನ ಡಬ್ಲ್ಯು111 ಕಾರಿಗೆ ಪುಟ್ಟ ರೆಕ್ಕೆಗಳನ್ನು ಇಟ್ಟಾಗ ಹೇಳಿದ್ದು ಈ ಕಾರಣವನ್ನೇ: ಇವು ಹಿಂದಕ್ಕೆ ತೆಗೆಯಲು, ನಿಲ್ಲಿಸಲು ನೆರವಾಗುವ ಗುರುತುಗಳು. ಅಪಘಾತದಲ್ಲಿ ಮುಂಭಾಗ ಹಿಂಭಾಗಗಳು ಮುದುಡಿ ಹೊಡೆತವನ್ನು ಹೀರಿಕೊಂಡು ಒಳಗಿನವರನ್ನು ಕಾಯುವ ವಿನ್ಯಾಸ ಮೊದಲು ಮಾರುಕಟ್ಟೆಗೆ ಬಂದದ್ದು ಅದೇ ಕಾರಿನಲ್ಲಿ. ಬೇಲಾ ಬಾರೆನಿ ಅವರ ಆ ಕೊಡುಗೆ ಇಂದು ಪ್ರತಿ ಕಾರಿನಲ್ಲೂ ಇದೆ, ಎಷ್ಟೋ ಜೀವಗಳನ್ನು ಉಳಿಸಿದೆ.

ಕ್ರೈಸ್ಲರ್‌ನ 1957ರ ಕಾರುಗಳು ಜನರಲ್ ಮೋಟಾರ್ಸ್‌ನಲ್ಲಿ ಗಾಬರಿ ಹುಟ್ಟಿಸಿದವು. 1956ರ ಬೇಸಿಗೆಯಲ್ಲೇ ಅಲ್ಲಿನ ವಿನ್ಯಾಸಕಾರ ಚಕ್ ಜಾರ್ಡನ್ ಕ್ರೈಸ್ಲರ್ ಕಾರ್ಖಾನೆಯ ಬೇಲಿಯಾಚೆ ನಿಂತಿದ್ದ ಹೊಸ ಪ್ಲಿಮತ್‌ಗಳನ್ನು ಕಂಡು ಬಂದು ಸಹೋದ್ಯೋಗಿಗಳಿಗೆ ತಿಳಿಸಿದರು. 1959ಕ್ಕೆಂದು ಸಿದ್ಧವಾಗುತ್ತಿದ್ದ ನಕ್ಷೆಗಳನ್ನು ಬದಿಗಿಟ್ಟು ಎಲ್ಲವನ್ನೂ ಹೊಸದಾಗಿ ಬರೆಯಲಾಯಿತು. ಅದರ ಫಲವೇ 1959ರ ಕ್ಯಾಡಿಲಾಕ್. ಸುಮಾರು 5.7 ಮೀಟರ್ ಉದ್ದದ ಆ ಕಾರಿನ ಎರಡು ರೆಕ್ಕೆಗಳು ಡಿಕ್ಕಿಯ ಮಟ್ಟದಿಂದ ಬಹಳ ಮೇಲೆ ಚೂಪಾಗಿ ಎದ್ದು, ಒಂದೊಂದರ ಬದಿಗೂ ಗುಂಡಿನ ತಲೆಯಂಥ ಎರಡೆರಡು ಕೆಂಪು ದೀಪಗಳನ್ನು ಹೊತ್ತಿದ್ದವು. ಬಾಲರೆಕ್ಕೆ ಎಂದಾಗ ಜಗತ್ತಿನ ಕಣ್ಣಮುಂದೆ ಬರುವ ಚಿತ್ರ ಈ ಕಾರಿನದೇ. ಅದೇ ವರ್ಷದ ಷೆವರ್ಲೆಯಲ್ಲಿ ರೆಕ್ಕೆಗಳು ಮೇಲಕ್ಕೇಳದೆ ಅಡ್ಡಡ್ಡ ಹರಡಿಕೊಂಡಿದ್ದವು. ಸ್ಥಿರತೆಯ ವಾದಕ್ಕೆ ಇದಕ್ಕಿಂತ ಬಲವಾದ ಉತ್ತರ ಬೇಕಿಲ್ಲ: ಮಲಗಿದ ರೆಕ್ಕೆ ಪಕ್ಕದ ಗಾಳಿಯನ್ನು ತಡೆಯಲಾರದು. ಅದು ನಿಂತಿದ್ದರೂ ಮಲಗಿದ್ದರೂ ಕಾರು ಮಾರಾಟವಾಗುತ್ತಿತ್ತು.

ಇಳಿಗಾಲ ಬೇಗ ಬಂತು. 1958ರಲ್ಲಿ ಅಮೆರಿಕದ ಆರ್ಥಿಕತೆ ಕುಸಿದು ದೊಡ್ಡ ಕಾರುಗಳ ಮಾರಾಟಕ್ಕೆ ಪೆಟ್ಟು ಬಿತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್, ಸ್ವದೇಶದ ರ‍್ಯಾಂಬ್ಲರ್‌ನಂಥ ಚಿಕ್ಕ ಕಾರುಗಳತ್ತ ಜನ ತಿರುಗಿದರು. ವರ್ಷದ ಕೊನೆಗೆ ಅರ್ಲ್ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಬಿಲ್ ಮಿಚೆಲ್ ಅವರ ಒಲವು ಚೂಪಾದ, ಮಿತವಾದ ಗೆರೆಗಳ ಕಡೆಗಿತ್ತು. 1961ರ ಲಿಂಕನ್ ಕಾಂಟಿನೆಂಟಲ್ ರೆಕ್ಕೆಯೇ ಇಲ್ಲದೆ, ನೇರ ಅಂಚುಗಳಿಂದಲೇ ಗಾಂಭೀರ್ಯ ತಂದುಕೊಂಡಿತು. ಅದನ್ನು ರೂಪಿಸಿದ ಎಲ್‌ವುಡ್ ಎಂಗಲ್ ಅವರನ್ನೇ ಕ್ರೈಸ್ಲರ್ ಕಂಪನಿ ಎಕ್ಸ್‌ನರ್ ಜಾಗಕ್ಕೆ ಕರೆತಂದಿತು. ಕ್ಯಾಡಿಲಾಕ್‌ನ ರೆಕ್ಕೆ ವರ್ಷಕ್ಕಿಷ್ಟು ತಗ್ಗುತ್ತ ಬಂದು 1964ರ ಮಾದರಿಯೊಂದಿಗೆ ಮುಗಿಯಿತು.

ಅಷ್ಟರಲ್ಲಿ ಇನ್ನೊಂದು ಗಂಭೀರ ಆಕ್ಷೇಪವೂ ಎದ್ದಿತ್ತು. ರಾಲ್ಫ್ ನೇಡರ್ 1965ರಲ್ಲಿ ಪ್ರಕಟಿಸಿದ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದಲ್ಲಿ, ಈ ಚೂಪಾದ ಲೋಹದ ತುದಿಗಳು ಪಾದಚಾರಿಗಳಿಗೂ ಎರಡು ಚಕ್ರದ ಸವಾರರಿಗೂ ಮಾಡಿದ ಗಾಯಗಳನ್ನು ಎತ್ತಿ ತೋರಿಸಿದರು. ನಿಂತ ಕಾರಿಗೆ ತಾಕಿದವರಿಗೂ ಪೆಟ್ಟಾಗಿತ್ತು. ಒಳಗಿರುವವರ ಸುರಕ್ಷತೆಗೆ ಏನೂ ಮಾಡದ, ಹೊರಗಿರುವವರಿಗೆ ಅಪಾಯ ತರುವ ಭಾಗವೊಂದಕ್ಕೆ ಕಂಪನಿಗಳು ಅಷ್ಟು ಹಣ ಸುರಿದವು ಎಂಬ ಟೀಕೆ ನ್ಯಾಯವಾದದ್ದೇ. ಕಾರಿನ ಚೆಲುವನ್ನು ಮೆಚ್ಚುವವರೂ ಅದನ್ನು ಒಪ್ಪಿಕೊಳ್ಳಬೇಕು. ಮರುವರ್ಷವೇ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು.

ಅಮೆರಿಕದ ಹೊರಗೆ ಬಾಲರೆಕ್ಕೆ ಚಿಕ್ಕದಾಗಿ, ಆದರೆ ದೀರ್ಘಕಾಲ ಬದುಕಿತು. ಇಟಲಿಯ ಪಿನಿನ್‌ಫರೀನಾ ಸಂಸ್ಥೆ ರೂಪಿಸಿದ ಪ್ಯೂಜೊ 404, ಬ್ರಿಟನ್ನಿನ ಆಸ್ಟಿನ್ ಕೇಂಬ್ರಿಜ್ ಕಾರುಗಳಲ್ಲಿ ಅದು ಹದವಾಗಿತ್ತು. ಸೋವಿಯತ್ ಒಕ್ಕೂಟದ ಅಧಿಕಾರಿಗಳ ಚೈಕಾ ಕಾರಿಗೂ ಅದಿತ್ತು. ಪೂರ್ವ ಜರ್ಮನಿಯ ಜನಸಾಮಾನ್ಯರ ಟ್ರಾಬಾಂಟ್ 601 ಕಾರು 1964ರಲ್ಲಿ, ಅಂದರೆ ಅಮೆರಿಕ ರೆಕ್ಕೆಯನ್ನು ಕೈಬಿಡುತ್ತಿದ್ದ ಹೊತ್ತಿಗೆ, ಸಣ್ಣ ರೆಕ್ಕೆಗಳೊಂದಿಗೆ ಹುಟ್ಟಿತು ಮತ್ತು 1990ರವರೆಗೂ ಅದೇ ರೂಪದಲ್ಲಿ ತಯಾರಾಯಿತು.

ಭಾರತದ ರಸ್ತೆಗಳಿಗೆ ಅದು ಬಂದದ್ದು ಬ್ರಿಟನ್ ಮತ್ತು ಇಟಲಿಯ ದಾರಿಯಲ್ಲಿ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿಯ ಹಿಂಬದಿ ಮಡ್‌ಗಾರ್ಡುಗಳ ತುದಿಯಲ್ಲಿ ಸಣ್ಣ ಏಣೊಂದು ಮೂಡಿತ್ತು. ಆ ಕಾರಿನ ಅಚ್ಚುಗಳು ಪಶ್ಚಿಮ ಬಂಗಾಳದ ಉತ್ತರಪಾರಾಕ್ಕೆ ಬಂದು ಹಿಂದುಸ್ತಾನ್ ಅಂಬಾಸಿಡರ್ ತಯಾರಾಯಿತು. ಮುಂಬೈಯ ಪ್ರೀಮಿಯರ್ ಕಂಪನಿಯ ಫಿಯಟ್ 1100 ಡಿಲೈಟ್‌ಗೂ, 1974ರಿಂದ ಪದ್ಮಿನಿ ಎಂಬ ಹೆಸರು ಹೊತ್ತ ಅದೇ ಕಾರಿಗೂ ಅಂಬಾಸಿಡರ್‌ಗಿಂತ ಸ್ಪಷ್ಟವಾದ ಪುಟ್ಟ ರೆಕ್ಕೆಗಳಿದ್ದವು. ವಿಧಾನಸೌಧದ ಆವರಣದಲ್ಲಿ ಸಾಲಾಗಿ ನಿಲ್ಲುತ್ತಿದ್ದ ಬಿಳಿ ಅಂಬಾಸಿಡರ್‌ಗಳನ್ನೂ ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳನ್ನೂ ಹಿಂದಿನಿಂದ ಗಮನಿಸಿ ನೋಡಿದವರಿಗೆ ಈ ಗೆರೆ ಪರಿಚಿತ. ವರ್ಷವರ್ಷ ಮಾದರಿ ಬದಲಿಸುವ ಸ್ಪರ್ಧೆ ಇಲ್ಲಿ ಇರಲಿಲ್ಲವಾದ್ದರಿಂದ ರೆಕ್ಕೆ ಬೆಳೆಯಲೂ ಇಲ್ಲ, ಬೇಗ ಅಳಿಯಲೂ ಇಲ್ಲ. 2014ರ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲುವವರೆಗೂ ಆ ಕಾರಿನ ಹೊರಮೈಯ ರೂಪ ಹೆಚ್ಚು ಬದಲಾಗಲಿಲ್ಲ.